‘ಯಾರು’ ಅನ್ನೋ ಪ್ರಶ್ನೆ ಕೊನೆಗಿರಲಿ

ಕಂಪನಿಗೆ ಹೊಸದಾಗಿ ಸೇರುವ ಎಂಜಿನಿಯರುಗಳಿಗೆ ತಿಂಗಳಿಗೊಮ್ಮೆ ಎರಡು ಗಂಟೆ ಪಾಠ ಹೇಳೋದು ನನ್ನ ಪಾಲಿಗೆ ಬಂದಿರುವ ಕೆಲಸ. ವಿಷಯ ಇಷ್ಟೇ: ಸಿಸ್ಟಮ್ ಕೈಕೊಟ್ಟಾಗ ಗಾಬರಿಯಾಗದೆ ಕಾರಣ ಹುಡುಕೋದು ಹೇಗೆ? ಕೋಡ್ ಬರೆಯೋಕೆ ಕಾಲೇಜಲ್ಲಿ ಕಲಿತಿರ್ತಾರೆ. ಇದನ್ನ ಯಾರೂ ಕಲಿಸಿರೋದಿಲ್ಲ.

ಇದಕ್ಕೆ ಒಂದು ಹಳೆಯ, ಗಟ್ಟಿ ವಿಧಾನ ಇದೆ. ಅಮೆರಿಕದ ಚಾರ್ಲ್ಸ್ ಕೆಪ್ನರ್ ಮತ್ತು ಬೆಂಜಮಿನ್ ಟ್ರೆಗೋ 1965ರಲ್ಲಿ ಪುಸ್ತಕವಾಗಿ ತಂದದ್ದು. ತೊಂದರೆ ಏನು, ಎಲ್ಲಿ, ಯಾವಾಗಿಂದ, ಎಷ್ಟು ಅಂತ ಒಂದು ಕಡೆ ಬರೀಬೇಕು. ಅದರ ಪಕ್ಕದಲ್ಲೇ, ತೊಂದರೆ ಇರಬಹುದಾಗಿದ್ದೂ ಎಲ್ಲಿ ಇಲ್ಲ, ಯಾವಾಗ ಇರಲಿಲ್ಲ ಅಂತಲೂ ಬರೀಬೇಕು. ಉತ್ತರ ಸಾಮಾನ್ಯವಾಗಿ ಈ ಎರಡರ ವ್ಯತ್ಯಾಸದಲ್ಲೇ ಸಿಗುತ್ತೆ.

ಪಾಠದಲ್ಲಿ ಇದಕ್ಕೆ ನಾನು ಕೊಡೋ ಉದಾಹರಣೆ ಕಂಪ್ಯೂಟರಿನದ್ದಲ್ಲ, ರಾಮನಗರ ತಾಲ್ಲೂಕಿನ ನಮ್ಮೂರು ಕೈಲಾಂಚದ ಹುಳು ಮನೆಯದ್ದು. ಒಂದು ಸಲ ನಾಲ್ಕನೇ ಜ್ವರ ಎದ್ದ ಹುಳುಗಳು ಹಸಿರು ಕಕ್ಕಿ, ಹೊರಳಾಡಿ ಸಾಯತೊಡಗಿದವು. ಇನ್ನೊಂದು ವಾರ ಕಳೆದಿದ್ರೆ ಗೂಡು ಕಟ್ಟುವ ಹುಳು. “ಚಾಕಿ ಕೊಟ್ಟೋರೇ ಮೋಸ ಮಾಡವ್ರೆ” ಅಂತ ಅಪ್ಪ ಜಗಳಕ್ಕೆ ಹೊರಟೇಬಿಟ್ರು. ಅವ್ವ ತಡೆದಳು. “ಚಾಕಿ ಕೆಟ್ಟಿದ್ರೆ ಆ ಸ್ಟ್ಯಾಂಡಿನ ಹುಳ ಯಾಕೆ ಚೆಂದಾಗವೆ? ಅವೂ ಅಲ್ಲಿಂದಾನೇ ತಾನೆ ಬಂದಿದ್ದು?” ಒಂದೇ ಚಾಕಿ, ಒಂದೇ ಮನೆ, ಒಂದೇ ಗಾಳಿ. ಬೇರೆಯಾಗಿದ್ದು ಸೊಪ್ಪು ಮಾತ್ರ. ಸಾಯುತ್ತಿದ್ದ ಸ್ಟ್ಯಾಂಡಿಗೆ ಹಾಕಿದ್ದು ಪಕ್ಕದ ಮಾವಿನ ತೋಪಿಗೆ ಅಂಟಿಕೊಂಡ ಹೊಲದ ಸೊಪ್ಪು. ಹೂವಿನ ಕಾಲ, ತೋಪಿಗೆ ಔಷಧಿ ಹೊಡೆದಿದ್ರು. ಅವ್ವ ಆ ಸೊಪ್ಪನ್ನು ಹತ್ತೇ ಹತ್ತು ಒಳ್ಳೇ ಹುಳುವಿಗೆ ಹಾಕಿ ನೋಡಿದಳು. ಅವೂ ಸತ್ತವು. ಆಮೇಲೆ ಬಾವಿ ಕಡೆಯ ಸೊಪ್ಪನ್ನೇ ಹಾಕಿ ಉಳಿದ ಬೆಳೆ ಉಳಿಸಿಕೊಂಡೆವು.

ಹೋದ ವರ್ಷ ಇದು ಆಫೀಸಲ್ಲೂ ಉಪಯೋಗಕ್ಕೆ ಬಂತು. ಒಂದು ಬೆಳಗ್ಗೆ ಗ್ರಾಹಕರಿಂದ ದೂರು, ಬಿಲ್ ಪುಟ ತೆರೀತಾ ಇಲ್ಲ ಅಂತ. ಹಿಂದಿನ ರಾತ್ರಿ ಕೋಡ್ ಹಾಕಿದ್ದು ಸೇರಿ ಮೂರು ತಿಂಗಳಾಗಿದ್ದ ಹುಡುಗಿ. ಪ್ರೊಬೇಷನ್ ಬೇರೆ. ಮೀಟಿಂಗಿನಲ್ಲಿ ಎಲ್ಲರ ಕಣ್ಣೂ ಅವಳ ಮೇಲೆ. ಅವಳ ಜೊತೆ ಪಾಠಕ್ಕೆ ಬಂದಿದ್ದ ಹುಡುಗನೊಬ್ಬ ಎದ್ದು ಬೋರ್ಡ್ ಮೇಲೆ ಎರಡು ಕಾಲಂ ಎಳೆದ. ತೊಂದರೆ ಇರೋದು ಮೂರನೇ ಸರ್ವರಿನಲ್ಲಿ, ಉಳಿದ ಮೂರರಲ್ಲಿ ಇಲ್ಲ. ಶುರುವಾಗಿದ್ದು ಕೋಡ್ ಹಾಕುವ ನಲವತ್ತು ನಿಮಿಷ ಮೊದಲು. ಅವಳ ಕೋಡ್ ಇದ್ದದ್ದು ನಾಲ್ಕೂ ಸರ್ವರಿನಲ್ಲಿ! ಅಲ್ಲಿಗೆ ಅವಳ ಮೇಲಿನ ಅನುಮಾನ ಮುಗೀತು. ಮೂರನೇ ಸರ್ವರಿನ ಡಿಸ್ಕ್ ಲಾಗ್ ಫೈಲುಗಳಿಂದ ತುಂಬಿಹೋಗಿತ್ತು.

ಕಾರಣ ಸಿಕ್ಕಿತು ಅಂತ ಅಲ್ಲಿಗೇ ಬಿಡಬಾರದು. ಇಲ್ಲಿ ಟೊಯೋಟಾದವರ ‘ಐದು ಸಲ ಯಾಕೆ’ ಬೇಕು. ನಮ್ಮ ಬಿಡದಿಯಲ್ಲಿ 1999ರಿಂದ ಕಾರು ಮಾಡ್ತಿರೋ ಅದೇ ಟೊಯೋಟಾ. ಆ ಮನೆತನದ ಸಕಿಚಿ ಟೊಯೋಡಾ ಕಾರಿನವರಲ್ಲ, ಮಗ್ಗದವರು. ನೂಲು ಕಡಿದ ತಕ್ಷಣ ತಾನೇ ನಿಲ್ಲುವ ಮಗ್ಗ ಮಾಡಿದವರು. ರೇಷ್ಮೆ ಊರಿನವರಿಗೆ ಇದರ ಬೆಲೆ ವಿವರಿಸಬೇಕಿಲ್ಲ. ನಾವೂ ಕೇಳುತ್ತಾ ಹೋದೆವು. ಡಿಸ್ಕ್ ಯಾಕೆ ತುಂಬಿತು? ಹಳೇ ಲಾಗ್ ಅಳಿಸಿರಲಿಲ್ಲ. ಯಾಕೆ? ಅಳಿಸುವ ಪ್ರೋಗ್ರಾಮ್ ಅಲ್ಲಿ ಇರಲಿಲ್ಲ. ಯಾಕೆ? ಹೊಸ ಸರ್ವರ್ ಜೋಡಿಸುವಾಗ ಹಾಕಿರಲಿಲ್ಲ. ಯಾಕೆ? ಜೋಡಿಸುವ ಪಟ್ಟಿಯಲ್ಲೇ ಆ ಸಾಲಿರಲಿಲ್ಲ. ನಾಲ್ಕಕ್ಕೇ ಉತ್ತರ ಸಿಕ್ಕಿತು, ಪಟ್ಟಿಗೆ ಒಂದು ಸಾಲು ಸೇರಿತು. ಯಾರಿಗೂ ಬೈಗುಳ ಬೀಳಲಿಲ್ಲ.

ಆ ವಾರ ಕೆಲಸ ಬಿಡೋ ಯೋಚನೆಯಲ್ಲಿದ್ದೆ ಅಂತ ಆ ಹುಡುಗಿ ಆಮೇಲೆ ಹೇಳಿದಳು. ಈಗ ಪಾಠದ ಅರ್ಧ ಭಾಗ ಅವಳೇ ತಗೋತಾಳೆ.

ಮನೆಯಲ್ಲೂ ಇದನ್ನು ಪ್ರಯತ್ನಿಸಿ ನೋಡಿ. ಮಗುವಿಗೆ ಗಣಿತದಲ್ಲಿ ಅಂಕ ಕಡಿಮೆ ಬಂದರೆ ‘ನೀನು ದಡ್ಡ’ ಅನ್ನೋ ಮೊದಲು, ಯಾವ ಪಾಠದಲ್ಲಿ ಕಷ್ಟ, ಯಾವುದರಲ್ಲಿ ಇಲ್ಲ, ಯಾವಾಗಿಂದ ಅಂತ ಪಕ್ಕದಲ್ಲಿ ಕೂತು ಕೇಳಿ. ಹಾಳೆ ಮೇಲೆ ಎರಡು ಕಾಲಂ ಎಳೆಯೋಕೆ ಎಂಜಿನಿಯರಿಂಗ್ ಬೇಕಿಲ್ಲ. ನಮ್ಮವ್ವ ಹಾಳೆಯೂ ಇಲ್ಲದೆ ಮಾಡಿದಳು.