ಹೋಗಿ ಬನ್ನಿ ಎಂದಿತು ಕಂಪ್ಯೂಟರ್

ಹಬ್ಬಕ್ಕೆಂದು ಸಮೇತನಹಳ್ಳಿಗೆ ಹೋಗಿದ್ದೆ. ಹೊಸಕೋಟೆ ತಾಲ್ಲೂಕಿನ ಈ ಊರು ನಾನು ಹುಟ್ಟಿ ಬೆಳೆದದ್ದು. ಸುತ್ತಮುತ್ತ ಈಗ ಅಪಾರ್ಟ್‌ಮೆಂಟುಗಳು ತಲೆಯೆತ್ತಿವೆ. ಆದರೂ ಬೆಳಿಗ್ಗೆ ಸಂಜೆ ಹಾಲಿನ ಕ್ಯಾನು ಹಿಡಿದು ಡೈರಿಯ ಮುಂದೆ ಸಾಲು ನಿಲ್ಲುವ ಪದ್ಧತಿ ಮಾತ್ರ ತಪ್ಪಿಲ್ಲ. ಅಮ್ಮನ ಜೊತೆ ತಂಗಿಯ ಸಂಸಾರ ಅಲ್ಲೇ ಇದೆ. ತಂಗಿಯ ಮಗ ಬಿ.ಸಿ.ಎ. ಕೊನೆಯ ವರ್ಷದಲ್ಲಿದ್ದಾನೆ. ಹೋಳಿಗೆ ಊಟ ಮುಗಿಸಿ ನಾನು ಜಗಲಿಯ ಮೇಲೆ ಕಾಲು ಚಾಚುವುದಕ್ಕೂ, ಅವನು ಲ್ಯಾಪ್‌ಟಾಪ್ ಹಿಡಿದು ಬರುವುದಕ್ಕೂ ಸರಿಹೋಯಿತು.

“ಮಾವ, ನನ್ನ ಪ್ರಾಜೆಕ್ಟ್ ನೋಡು. ಡೈರಿ ಲೆಕ್ಕದ್ದು. ನಗದೆ ಇದ್ರೆ ಕೇಳು.”

ಚೆನ್ನಾಗಿಯೇ ಮಾಡಿದ್ದ. ಸದಸ್ಯರ ನಂಬರು ಒತ್ತಿದರೆ ಹೆಸರು ಬರುತ್ತದೆ. ಎಷ್ಟು ಲೀಟರು, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಷ್ಟು ಎಂದು ತುಂಬಿದರೆ ದರ ಹಾಕಿ ಚೀಟಿ ಕೊಡುತ್ತದೆ. ಜಿಡ್ಡು ಬಿಟ್ಟು ಹಾಲಿನಲ್ಲಿ ಉಳಿದ ಘನಪದಾರ್ಥವೇ ಎಸ್‌ಎನ್‌ಎಫ್. ಅದು 8.5ಕ್ಕಿಂತ ಇಳಿದರೆ ನಲ್ಲಿಯೊಂದು ತೊಟ್ಟಿಕ್ಕುವ ಚಿತ್ರ ಮೂಡಿ, ದಪ್ಪ ಅಕ್ಷರದಲ್ಲಿ “ಇದು ಹಸುವಿನ ಹಾಲೋ, ಬೋರ್‌ವೆಲ್ ಹಾಲೋ?” ಎಂದು ಬರುತ್ತಿತ್ತು.

ನಾನು ನಕ್ಕೆ. ಸುಳ್ಳು ಹೇಳುವುದಿಲ್ಲ, ಜೋರಾಗಿಯೇ ನಕ್ಕೆ. ನಗು ಮುಗಿಯುವ ಮೊದಲೇ ಇಪ್ಪತ್ತೆಂಟು ಮೂವತ್ತು ವರ್ಷ ಹಿಂದಿನ ಒಂದು ಮಧ್ಯಾಹ್ನ ನೆನಪಾಗಿ ಬಾಯಿ ಮುಚ್ಚಿಕೊಂಡೆ. ಹುಡುಗ ಬಿಡಲಿಲ್ಲ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಇಂಥ ಪ್ರಾಜೆಕ್ಟುಗಳಲ್ಲಿ ತೊಡಗಿರುವ ಹುಡುಗ ಹುಡುಗಿಯರು ಮನೆಮನೆಯಲ್ಲೂ ಇರುವ ಕಾಲ ಇದು.

1994ರಲ್ಲಿ ಬೆಂಗಳೂರಿನ ಒಂದು ಕಾರ್ಖಾನೆಯ ಕಚೇರಿಯಲ್ಲಿ ನನಗೆ ಕೆಲಸ ಸಿಕ್ಕಿತು. ಕಾರ್ಮಿಕರ ಸಂಬಳ, ರಜೆ, ಓವರ್‌ಟೈಮ್, ಪ್ರಾವಿಡೆಂಟ್ ಫಂಡ್, ಎಲ್ಲದರ ಲೆಕ್ಕವನ್ನೂ ಲೆಡ್ಜರ್ ಪುಸ್ತಕಗಳಿಂದ ಕಂಪ್ಯೂಟರಿಗೆ ಇಳಿಸಬೇಕಿತ್ತು. ಫಾಕ್ಸ್‌ಪ್ರೊ ಎಂಬ ಡೇಟಾಬೇಸ್ ತಂತ್ರಾಂಶದಲ್ಲಿ ನಾನೇ ಪ್ರೋಗ್ರಾಂ ಬರೆದೆ. ಅಮೆರಿಕದ ಓಹಿಯೋ ರಾಜ್ಯದ ಒಂದು ಸಣ್ಣ ಕಂಪನಿ ಹುಟ್ಟುಹಾಕಿದ್ದ ಫಾಕ್ಸ್‌ಪ್ರೊವನ್ನು 1992ರಲ್ಲಿ ಮೈಕ್ರೋಸಾಫ್ಟ್ ಕೊಂಡುಕೊಂಡಿತ್ತು. ಆಗ ನಮ್ಮಲ್ಲಿ ಸಣ್ಣ ಪುಟ್ಟ ಕಚೇರಿಗಳ ಲೆಕ್ಕವೆಲ್ಲ ಹೆಚ್ಚಾಗಿ ಇದರಲ್ಲಿ, ಇಲ್ಲವೇ ಇದರ ಹಿರಿಯಣ್ಣ ಡಿಬೇಸ್‌ನಲ್ಲಿ ನಡೆಯುತ್ತಿತ್ತು.

ನಮ್ಮ ಹೆಡ್‌ಕ್ಲರ್ಕ್ ಐವತ್ತು ದಾಟಿದವರು. ಮೂವತ್ತು ವರ್ಷ ಲೆಡ್ಜರ್ ಬರೆದ ಕೈ ಅವರದು. ಕಂಪ್ಯೂಟರ್ ಬಂದರೆ ತಮ್ಮ ಕುರ್ಚಿ ಹೋಗುತ್ತದೆಂದು ಅವರಿಗೆ ಒಳಗೊಳಗೇ ಅಳುಕು. ಅಂದಿನ ಕಂಪ್ಯೂಟರಿನ ಮಾತೂ ಹಾಗೇ ಇತ್ತು. ಫ್ಲಾಪಿ ಓದಲಾಗದಿದ್ದರೆ ಕಪ್ಪು ಪರದೆಯ ಮೇಲೆ “ಎಬಾರ್ಟ್, ರೀಟ್ರೈ, ಫೇಲ್?” ಎಂದು ಗದರಿಸುವುದು. ಮೊದಲ ಸಲ ಅದನ್ನು ಕಂಡ ಹೆಡ್‌ಕ್ಲರ್ಕರು ಕೈ ಎತ್ತಿಬಿಟ್ಟರು. “ಎಸ್ಸೆಸ್ಸೆಲ್ಸೀಲೇ ಫೇಲ್ ಆಗಿರಲಿಲ್ಲ ಕಣಯ್ಯ. ಈ ವಯಸ್ಸಲ್ಲಿ ಇದರ ಕೈಲಿ ಫೇಲ್ ಅನ್ನಿಸ್ಕೋಬೇಕಾ?” ಎಂದರು.

ಅವರ ಭಯ ಬಿಡಿಸಲೆಂದೇ ನಾನು ತಮಾಷೆ ಬರೆಯತೊಡಗಿದ್ದು. ಫಾಕ್ಸ್‌ಪ್ರೊದಲ್ಲಿ ಪರದೆಯ ಮೂಲೆಯಲ್ಲಿ ಒಂದು ಪುಟ್ಟ ಚೌಕ ತೆರೆದು ಸಂದೇಶ ತೋರಿಸುವ ಆಜ್ಞೆ ಇತ್ತು. ಕನ್ನಡ ಲಿಪಿ ಮೂಡಿಸಲು ಸಿ-ಡ್ಯಾಕ್ ಸಂಸ್ಥೆಯ ಜಿಸ್ಟ್ ಕಾರ್ಡು ಬೇಕಾಗಿತ್ತು. ನಮ್ಮ ಯಂತ್ರದಲ್ಲಿ ಅದಿರಲಿಲ್ಲ. ಹಾಗಾಗಿ ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡ ಬರೆದೆ. ಪಾಸ್‌ವರ್ಡ್ ತಪ್ಪಿದರೆ “ನೀವು ಯಾರ ಪೈಕಿ?” ಹುಟ್ಟಿದ ವರ್ಷ 1955ಕ್ಕೆ ಬದಲು 1555 ಎಂದು ಬಿದ್ದರೆ “ಇವರು ಕೆಂಪೇಗೌಡರ ಕಾಲದವರೇ?” ಓವರ್‌ಟೈಮ್ ಜಾಗದಲ್ಲಿ ಒಂದೇ ದಿನಕ್ಕೆ 25 ಗಂಟೆ ಎಂದು ತುಂಬಿದರೆ “ದಿನಕ್ಕೆ 24 ಗಂಟೆ ಸ್ವಾಮಿ, ಮ್ಯಾನೇಜ್‌ಮೆಂಟಿನವರು ಇನ್ನೂ ಜಾಸ್ತಿ ಮಾಡಿಲ್ಲ.” ತಿಂಗಳ ಕೊನೆಗೆ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರು ಕರಕರ ಎಂದು ಅರ್ಧ ಗಂಟೆ ಸಂಬಳದ ಪಟ್ಟಿ ಕಕ್ಕುವಾಗ “ಸಂಬಳ ಬರ್ತಾ ಇದೆ, ಕಾಫಿಗೆ ಹೋಗಿ ಬನ್ನಿ.”

ಹೆಡ್‌ಕ್ಲರ್ಕರು ಬದಲಾಗಿಬಿಟ್ಟರು. ಯಾರಾದರೂ ಕಚೇರಿಗೆ ಬಂದರೆ ಸಾಕು, ಬೇಕೆಂದೇ 25 ಗಂಟೆ ಒತ್ತಿ ತೋರಿಸುವರು. ಪ್ರೋಗ್ರಾಂ ಆ ತಪ್ಪನ್ನು ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲವಾದ್ದರಿಂದ ಲೆಕ್ಕಕ್ಕೆ ಅಪಾಯವಿರಲಿಲ್ಲ. ಫಾಕ್ಸ್‌ಪ್ರೊದ ಮೆನುವಿನೊಳಗೆ ಅದನ್ನು ಮಾಡಿದವರೇ ಒಂದು ಅಂಕಿಗಳ ಪಜಲ್ ಅಡಗಿಸಿದ್ದರು, ಚೌಕಗಳನ್ನು ಸರಿಸಿ ಸಾಲಾಗಿ ಜೋಡಿಸುವ ಆಟ. ಅದನ್ನೂ ಅವರೇ ಹುಡುಕಿ ತೆಗೆದರು. ಮೌಸ್ ಮುಟ್ಟಲು ಹೆದರುತ್ತಿದ್ದ ಮನುಷ್ಯ! ನನ್ನ ತಮಾಷೆಗಳು ಕೆಲಸ ಮಾಡಿದವೆಂದು ನಾನು ಬೀಗಿದೆ.

ಆಕ್ಷೇಪ ಬಂದದ್ದು ಡೇಟಾ ಎಂಟ್ರಿ ಮಾಡುತ್ತಿದ್ದ ಹುಡುಗಿಯಿಂದ. ದಿನಕ್ಕೆ ನೂರಾರು ದಾಖಲೆ ತುಂಬುವವಳು ಆಕೆ. “ಸಾರ್, ಆ ಕೆಂಪೇಗೌಡರನ್ನ ತೆಗೆದುಬಿಡ್ತೀರಾ? ಪ್ರತಿಸಲ ಎಂಟರ್ ಒತ್ತಿ ಅವರನ್ನ ಕಳಿಸಬೇಕು” ಎಂದಳು. ನನಗೆ ಸ್ವಲ್ಪ ಬೇಜಾರಾಯಿತು. ತೆಗೆಯಲಿಲ್ಲ. ಚೆನ್ನಾಗಿರುವ ಮಾತನ್ನು ಯಾರಾದರೂ ಬೇಡ ಎನ್ನುತ್ತಾರೆಯೇ ಎಂಬ ಜಂಬ. ಅದೇ ಮಾತನ್ನು ದಿನಕ್ಕೆ ಹತ್ತು ಸಲ ಕೇಳಬೇಕಾದವಳು ಅವಳು, ನಾನಲ್ಲ.

ಇನ್ನೊಂದು ಸಂದೇಶವಿತ್ತು. ಕೆಲಸ ಬಿಟ್ಟವರ ದಾಖಲೆಯನ್ನು ಮುಚ್ಚುವಾಗ ಬರುವಂಥದ್ದು. ಪುಟ್ಟದೊಂದು ಪೀಪಿ ರಾಗ, ಅದರ ಹಿಂದೆಯೇ “ಹೋಗಿ ಬನ್ನಿ, ಮತ್ತೆ ಸಿಗೋಣ.” ನಮ್ಮಲ್ಲಿ ಯಾರೂ “ಹೋಗ್ತೀನಿ” ಎನ್ನುವುದಿಲ್ಲವಲ್ಲ, “ಹೋಗಿ ಬರ್ತೀನಿ” ಎನ್ನುತ್ತೇವೆ. ಆ ಸೌಜನ್ಯ ಯಂತ್ರಕ್ಕೂ ಇರಲಿ ಎಂದು ಪ್ರೀತಿಯಿಂದಲೇ ಬರೆದದ್ದು ಅದು.

1996ರಲ್ಲಿ ಮಷೀನ್‌ಶಾಪಿನ ಒಬ್ಬ ಕೆಲಸಗಾರರು ಎದೆನೋವಿನಿಂದ ತೀರಿಕೊಂಡರು. ಸುಮಾರು ಒಂದು ತಿಂಗಳ ಮೇಲೆ ಅವರ ಹೆಂಡತಿ ಹೈಸ್ಕೂಲಿನ ಮಗನನ್ನು ಕರೆದುಕೊಂಡು ಬಾಕಿ ಹಣದ ಕಾಗದಪತ್ರಕ್ಕೆ ಬಂದರು. ನಾನು ಅದೇ ಕೋಣೆಯಲ್ಲಿ ರಿಬ್ಬನ್ ಬದಲಾಯಿಸುತ್ತಿದ್ದೆ. ಹೆಡ್‌ಕ್ಲರ್ಕರು ಒಳ್ಳೆಯ ಮನಸ್ಸಿನವರು. ಹಣದ ವಿಚಾರದಲ್ಲಿ ಆಕೆಗೆ ಅನುಮಾನ ಉಳಿಯಬಾರದೆಂದು ಮಾನಿಟರನ್ನು ಅವರತ್ತ ತಿರುಗಿಸಿ, “ನೋಡಮ್ಮ, ಇದು ನಿಮ್ಮ ಯಜಮಾನರ ಹೆಸರು, ಇದು ಪಿ.ಎಫ್., ಇದು ಗ್ರ್ಯಾಚುಟಿ” ಎಂದು ಒಂದೊಂದೇ ಸಾಲು ತೋರಿಸಿದರು. ಆಕೆಗೆ ಓದು ಬರದು. ಮಗ ಓದಿ ಹೇಳುತ್ತಿದ್ದ. ಕೊನೆಗೆ ಅವರು ದಾಖಲೆ ಮುಚ್ಚುವ ಗುಂಡಿ ಒತ್ತಿದರು.

ಪೀಪಿ ಊದಿತು.

ಅಲ್ಲಿಯವರೆಗೂ ಓದಿ ಹೇಳುತ್ತಿದ್ದ ಹುಡುಗ ಅದನ್ನೂ ಓದಿದ. “ಹೋಗಿ ಬನ್ನಿ ಅಂತ ಬಂತಮ್ಮ” ಎಂದ.

ಸಾವಿನ ಮನೆಯಿಂದ ಏಳುವಾಗ ನಾವು ಆ ಮಾತು ಆಡುವುದಿಲ್ಲ. ಏನೂ ಹೇಳದೆ ಎದ್ದು ಬರುತ್ತೇವೆ. ಇದನ್ನು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ, ಊರಲ್ಲಿ ಬೆಳೆದವನು ನಾನು. ಹೆಡ್‌ಕ್ಲರ್ಕರ ಕೈ ಮಾನಿಟರಿನ ಸ್ವಿಚ್ಚಿಗೆ ಹೋಯಿತು. ಪರದೆ ಕಪ್ಪಾಯಿತು. ಆಕೆ ಸೆರಗು ಸರಿಮಾಡಿಕೊಂಡು, “ಇನ್ನು ಎಲ್ಲೆಲ್ಲಿ ಹೆಬ್ಬೆಟ್ಟು ಹಾಕಬೇಕು ಸಾಮಿ?” ಎಂದಷ್ಟೇ ಕೇಳಿದರು. ನಾನು ತಲೆ ಎತ್ತಲಿಲ್ಲ. ಬೆರಳಿಗೆಲ್ಲ ರಿಬ್ಬನ್ನಿನ ಮಸಿ ಮೆತ್ತಿಕೊಂಡಿದ್ದು ನೆನಪಿದೆ.

ಅವರು ಹೋದ ಮೇಲೆ ಹೆಡ್‌ಕ್ಲರ್ಕರು ನನ್ನನ್ನು ಬೈಯಲಿಲ್ಲ. “ಇದಕ್ಕೆ ಎದುರಿಗೆ ಕೂತವರು ಯಾರು ಅಂತ ಕಾಣಲ್ಲ, ಅಲ್ವೇನಯ್ಯ?” ಎಂದರು. ಹೊಸದಾಗಿ ಏನನ್ನೋ ಕಂಡುಹಿಡಿದವರ ಹಾಗೆ ಕೇಳಿದರು.

ಅಂದು ಸಂಜೆಯೇ ಸರಿಪಡಿಸಲು ಕುಳಿತೆ. ಫಾಕ್ಸ್‌ಪ್ರೊದಲ್ಲಿ ಒಂದು ವಿಚಿತ್ರವಿದೆ. ಡಿಲೀಟ್ ಎಂದರೆ ದಾಖಲೆ ಅಳಿಸಿಹೋಗುವುದಿಲ್ಲ. ಅದರ ಮೊದಲಿಗೆ ಒಂದು ನಕ್ಷತ್ರದ ಗುರುತು ಬೀಳುತ್ತದೆ, ಅಷ್ಟೆ. ಪ್ಯಾಕ್ ಎಂಬ ಆಜ್ಞೆ ಕೊಟ್ಟಾಗಲೇ ನಿಜವಾಗಿ ಹೋಗುವುದು. ಅಲ್ಲಿಯವರೆಗೆ ರೀಕಾಲ್ ಎಂದರೆ ಮರಳಿ ಬರುತ್ತದೆ. ಬದಲಾಯಿಸಿದ ಪ್ರೋಗ್ರಾಮನ್ನು ಪರೀಕ್ಷಿಸಲು ಆ ದಾಖಲೆಯನ್ನೇ ಮರಳಿ ಕರೆಯೋಣವೆಂದು ರೀಕಾಲ್ ಎಂದು ಟೈಪು ಮಾಡಿದೆ. ಎಂಟರ್ ಒತ್ತಲಾಗಲಿಲ್ಲ. ಒಬ್ಬ ಮನುಷ್ಯನನ್ನು ಪರೀಕ್ಷೆಗಾಗಿ ಕರೆಸಿ ಮತ್ತೆ ಕಳಿಸುವುದೇ? ನನ್ನ ಹೆಸರಿನಲ್ಲೇ ಒಂದು ದಾಖಲೆ ಮಾಡಿಕೊಂಡು, ಎಂಟು ಹತ್ತು ಸಲ ನನ್ನನ್ನೇ ಡಿಲೀಟ್ ಮಾಡಿದೆ. ಪೀಪಿ ತೆಗೆದೆ, ಸಂದೇಶ ತೆಗೆದೆ. ಕೆಂಪೇಗೌಡರನ್ನೂ ಕಳಿಸಿಕೊಟ್ಟೆ. ಕಾಫಿಯದನ್ನು ಉಳಿಸಿದೆ. ಅದೂ “ಹೋಗಿ ಬನ್ನಿ”ಯೇ. ಆದರೆ ಪ್ರಿಂಟರಿನ ಮುಂದೆ ಕಾಯುತ್ತಾ ಕೂತವರಿಗೆ ಬಿಟ್ಟು ಬೇರೆ ಯಾರಿಗೂ ಅದು ಕಾಣುತ್ತಿರಲಿಲ್ಲ.

ನಾನು ಎಡವಿದ್ದು ಎಲ್ಲಿ ಎಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ನಮ್ಮೂರಿನ ಅಂಗಡಿಯಲ್ಲಿ “ಇಂದು ನಗದು, ನಾಳೆ ಉದ್ರಿ” ಎಂಬ ಬೋರ್ಡು ತೂಗುತ್ತಿತ್ತು. ಸಾಲ ಇಲ್ಲ ಎಂಬ ಕಹಿ ಮಾತನ್ನು ನಗಿಸಿ ಹೇಳುವ ಜಾಣತನ ಅದು. ನನ್ನ ಸಂದೇಶಗಳಿಗೆ ಅದೇ ಗುರು. ಆದರೆ ಆ ಬೋರ್ಡಿನ ಕೆಳಗೆ ಅಂಗಡಿಯವರು ಕೂತಿರುತ್ತಿದ್ದರು. ಮಗುವಿಗೆ ಜ್ವರ ಎಂದು ಬಂದ ಹೆಂಗಸಿನ ಮುಖ ನೋಡಿದರೆ ಬೋರ್ಡಿನ ಕಡೆ ಕಣ್ಣೆತ್ತದೆ ಉದ್ರಿ ಪುಸ್ತಕ ತೆರೆಯುತ್ತಿದ್ದರು. ನಾನು ಬೋರ್ಡು ತೂಗುಹಾಕಿ ಅಂಗಡಿಯವರನ್ನು ಮರೆತಿದ್ದೆ.

ನನಗಿಂತ ದೊಡ್ಡವರೂ ಮರೆತರು. 1997ರಲ್ಲಿ ಮೈಕ್ರೋಸಾಫ್ಟ್ ತನ್ನ ಆಫೀಸ್ ತಂತ್ರಾಂಶದೊಳಗೆ ಕಣ್ಣು ಹೊರಳಿಸುವ ಒಂದು ಕಾಗದದ ಕ್ಲಿಪ್ಪನ್ನು ಕೂರಿಸಿತು. ನೀವು ಪತ್ರ ಆರಂಭಿಸಿದರೆ ಸಾಕು, ಕುಣಿಯುತ್ತಾ ಬಂದು ನೆರವಾಗಲೇ ಎಂದು ಕೇಳುತ್ತಿತ್ತು. ಅದು ಲಗ್ನಪತ್ರಿಕೆಯೋ ತಿಥಿಯ ಕಾಗದವೋ ಎಂದು ಅದಕ್ಕೆ ತಿಳಿಯದು. ಜನ ರೇಗಿ ರೇಗಿ, 2001ರ ಆವೃತ್ತಿಯಲ್ಲಿ ಅದು ತಾನಾಗಿ ಬರುವುದು ನಿಂತಿತು. 2007ರದ್ದರಲ್ಲಿ ಇಲ್ಲವೇ ಇಲ್ಲ. ಅದೇ 1997ರ ಎಕ್ಸೆಲ್ ಒಳಗೆ ಗುಟ್ಟಾಗಿ ಒಂದು ವಿಮಾನ ಹಾರಿಸುವ ಆಟವನ್ನೂ ಅಡಗಿಸಿದ್ದರು. ಅದರಿಂದ ಯಾರಿಗೂ ನೋವಾಗಲಿಲ್ಲ. ಹುಡುಕಿಕೊಂಡು ಹೋದವರಿಗೆ ಮಾತ್ರ ಸಿಗುತ್ತಿತ್ತಲ್ಲ!

ನಮ್ಮ ತಂದೆ ತೀರಿಕೊಂಡ ಮೇಲೆ ಹೊಲದ ಖಾತೆಗಾಗಿ ಹೊಸಕೋಟೆಯ ತಾಲ್ಲೂಕು ಕಚೇರಿಗೆ ಅಲೆದೆ. ಅಷ್ಟು ಹೊತ್ತಿಗೆ ಭೂಮಿ ಯೋಜನೆ ಬಂದು ಪಹಣಿಗಳೆಲ್ಲ ಕಂಪ್ಯೂಟರಿಗೆ ಸೇರಿದ್ದವು. ಕ್ರಯಕ್ಕೆ ಒಂದು ಮಾತು, ದಾನಕ್ಕೆ ಒಂದು, ವಿಭಾಗಕ್ಕೆ ಒಂದು. ಸತ್ತವರ ಹೆಸರಿನಿಂದ ವಾರಸುದಾರರಿಗೆ ಬದಲಾಗುವುದಕ್ಕೆ ಪೌತಿ ಖಾತೆ. ಪೌತಿ ಎಂದರೆ ಮರಣ. ಶಾನುಭೋಗರ ಕಾಲದ ಮಾತು. ದಪ್ತರ ಬರೆಯುತ್ತಿದ್ದವರು ಆಸ್ತಿ ಕೈಬಿಟ್ಟು ಹೋದ ಬಗೆಬಗೆಯನ್ನೂ ಬೇರೆಬೇರೆಯಾಗಿಯೇ ಬರೆದಿಟ್ಟಿದ್ದರು. ನನ್ನ ಪ್ರೋಗ್ರಾಮಿನಲ್ಲಿ ರಾಜೀನಾಮೆ ಕೊಟ್ಟವರು, ನಿವೃತ್ತರಾದವರು, ತೀರಿಕೊಂಡವರು ಎಲ್ಲರಿಗೂ ಒಂದೇ ಗುಂಡಿ. ತಮಾಷೆಯ ತಪ್ಪಿಗಿಂತ ಮೊದಲಿನ ತಪ್ಪು ಅದು. ಕೇಳಬೇಕಾದ ಪ್ರಶ್ನೆಯನ್ನೇ ನಾನು ಕೇಳಿರಲಿಲ್ಲ.

ಇಷ್ಟು ಕೇಳಿದ ಮೇಲೂ ಹುಡುಗನಿಗೆ ಬೋರ್‌ವೆಲ್ ಬಿಡಲು ಮನಸ್ಸಿರಲಿಲ್ಲ. “ಇದರಲ್ಲಿ ಸಾವು ಎಲ್ಲಿ ಬಂತು ಮಾವ? ಹಾಲಿಗೆ ನೀರು ಹಾಕಿದ್ರೆ ಹೇಳಬಾರ್ದಾ?” ಅವನದೂ ನ್ಯಾಯವೇ. ಅಷ್ಟರಲ್ಲಿ ಒಳಗಿಂದ ಅಮ್ಮ ಬಂದರು. ಮೂವತ್ತು ವರ್ಷ ಡೈರಿಗೆ ಹಾಲು ಹಾಕಿದವರು. ಮೊಮ್ಮಗ ಅವರಿಗೂ ಓದಿ ತೋರಿಸಿದ. ಅಮ್ಮನೂ ನಕ್ಕರು. ಆಮೇಲೆ ಕೇಳಿದರು, “ಇದು ಎಲ್ಲರ ಮುಂದೇನೂ ಅನ್ನುತ್ತಾ?”

“ಹೂಂ ಅಜ್ಜಿ. ದೊಡ್ಡ ಅಕ್ಷರದಲ್ಲಿ ಬರುತ್ತೆ.”

“ನಮ್ಮ ಗೌರಿ ಹಸೂಗೆ ಕೆಚ್ಚಲು ಬಾವು ಬಂದಾಗ ಹಾಲು ನೀರಾಗಿತ್ತು. ನಾನೇನು ನೀರು ಬೆರೆಸಿದ್ನಾ? ಬೇಸಿಗೇಲಿ ಹಸಿಹುಲ್ಲು ಸಿಗದಿದ್ರೂ ಹಂಗೇ ಆಗ್ತಿತ್ತು. ಆವಾಗ ಈ ಡಬ್ಬ ಇದ್ದಿದ್ರೆ ಸಾಲಲ್ಲಿ ನಿಂತೋರೆಲ್ಲ ನಕ್ಕಿರೋರು” ಎಂದು ಎಲೆ ಎತ್ತಲು ಒಳಗೆ ಹೋದರು.

ಹುಡುಗ ಮಾತಾಡಲಿಲ್ಲ. ಸ್ವಲ್ಪ ಹೊತ್ತು ನಲ್ಲಿ ತೊಟ್ಟಿಕ್ಕುವುದನ್ನೇ ನೋಡುತ್ತಾ ಕೂತಿದ್ದು, ಆಮೇಲೆ ಏನೇನೋ ಒತ್ತತೊಡಗಿದ. “ಹಾಗಾದ್ರೆ ಬರೀ ಅಂಕಿ ಸಾಕಾ?” ಎಂದ. ಕಾರ್ಯದರ್ಶಿಗಳು ಒಬ್ಬರೇ ಕೂತು ನೋಡುವ ಪರದೆ ಯಾವುದಾದರೂ ಇದೆಯೇ ಎಂದು ಕೇಳಿದೆ. ಬಿಲ್ಲು ತಯಾರಾಗುವಾಗ ಹತ್ತು ಹದಿನೈದು ನಿಮಿಷ ಸುಮ್ಮನೆ ಕಾಯಬೇಕಂತೆ.

ಮಾರನೆಯ ದಿನ ಡೈರಿಯ ಹಳೆಯ ಲೆಕ್ಕವನ್ನೇ ತುಂಬಿ ಪರೀಕ್ಷೆ ನಡೆಸಿದ. ಸಾಲು ಕರಗಿತ್ತು. ಕ್ಯಾನು ತೊಳೆಯುವ ಸದ್ದು ಮಾತ್ರ ಕೇಳುತ್ತಿತ್ತು. ಎಸ್‌ಎನ್‌ಎಫ್ ಇಳಿದ ಕಡೆ ಬರಿಯ ಅಂಕಿ ಬಂತು, ಅದರ ಪಕ್ಕದಲ್ಲಿ ಪಶುವೈದ್ಯರಿಗೆ ತೋರಿಸಿ ಎಂಬ ಸಣ್ಣ ಸಾಲು. ಬಿಲ್ಲಿನ ಗುಂಡಿ ಒತ್ತಿದಾಗ ಪರದೆಯ ಮೇಲೆ ಹೀಗೆ ಬಂತು: “ಲೆಕ್ಕ ನಾನು ಹಾಕ್ತೀನಿ, ಎಲೆ ಅಡಿಕೆ ನೀವು ಹಾಕ್ಕೊಳ್ಳಿ.”

ಕಾರ್ಯದರ್ಶಿಗಳು ಕನ್ನಡಕ ಏರಿಸಿ ಎರಡು ಸಲ ಓದಿದರು. ನಮ್ಮಿಬ್ಬರ ಮುಖ ನೋಡಿದರು. ಆಮೇಲೆ ಜೇಬಿನಿಂದ ಸಂಚಿ ತೆಗೆದು, ಎಲೆಯ ತೊಟ್ಟು ಮುರಿದು ಸುಣ್ಣ ಸವರತೊಡಗಿದರು. ಕೊನೆಯ ಬಿಲ್ಲು ಬರುವ ಹೊತ್ತಿಗೆ ಬಾಯಿ ಕೆಂಪಾಗಿತ್ತು.