ಹೊರಡದ ಸಂದೇಶ

ಕನ್ನಡದಲ್ಲಿ ‘ಅಂಚೆ’ ಎಂಬ ಮಾತಿಗೆ ದೀರ್ಘವಾದ ಬಾಳಿದೆ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, ಎಂದರೆ 17ನೆಯ ಶತಮಾನದಲ್ಲಿ, ಸಂಸ್ಥಾನವು ತನ್ನದೇ ಆದ ಅಂಚೆಯ ಏರ್ಪಾಡನ್ನು ಮಾಡಿಕೊಂಡಿತು. 1889ರಲ್ಲಿ ಅದು ಭಾರತದ ಅಂಚೆಯೊಡನೆ ಸೇರಿಹೋಗುವವರೆಗೂ ನಾಡಿನ ಓಲೆಗಳು ಅದರ ಮೂಲಕವೇ ನಡೆದವು. ಚೀಲವನ್ನು ಹೊತ್ತ ಆಳು ಒಂದು ಠಾಣೆಯಿಂದ ಇನ್ನೊಂದಕ್ಕೆ ಓಡುತ್ತಿದ್ದನು. ಅಲ್ಲಿ ಕಾದಿದ್ದ ಮತ್ತೊಬ್ಬನು ಅದನ್ನು ಪಡೆದು ಮುಂದಕ್ಕೆ ಓಡುತ್ತಿದ್ದನು. ಹೀಗೆ ಕೈಯಿಂದ ಕೈಗೆ ಸಾಗಿದ ಓಲೆ ತಲುಪದೆ ಹೋದರೆ ಕೇಳಬೇಕಾದ ಪ್ರಶ್ನೆ ಒಂದೇ: ಅದು ಯಾವ ಠಾಣೆಯಲ್ಲಿ ನಿಂತಿತು?

ಇಂದು ರಾಜಾಜಿನಗರದಲ್ಲಿ ಕುಳಿತವರು ಕೆಂಗೇರಿಯಲ್ಲಿರುವ ಗೆಳೆಯರಿಗೆ ವಾಟ್ಸಾಪಿನಲ್ಲಿ ಒಂದು ಮಾತನ್ನು ಬರೆದು ಗುಂಡಿಯನ್ನು ಒತ್ತುತ್ತಾರೆ. ಕಣ್ಣು ರೆಪ್ಪೆ ಬಡಿಯುವಷ್ಟರಲ್ಲಿ ಅದು ತಲುಪುವುದರಿಂದ, ನಡುವೆ ದಾರಿಯೆಂಬುದೊಂದು ಇದೆ ಎಂಬುದೇ ಮರೆತುಹೋಗಿದೆ. ಆದರೆ ದಾರಿ ಇದ್ದೇ ಇದೆ. ಸಂದೇಶವು ಮೊದಲು ಫೋನಿನಿಂದ ಹೊರಡಬೇಕು. ಮನೆಯ ವೈಫೈ ಪೆಟ್ಟಿಗೆಯ ಮೂಲಕವೋ ಬೀದಿಯ ಗೋಪುರದ ಮೂಲಕವೋ ಸಾಗಿ ಕಂಪನಿಯ ಸರ್ವರ್ ಎಂಬ ದೊಡ್ಡ ಗಣಕವನ್ನು ಸೇರಬೇಕು. ಅಲ್ಲಿಂದ ಇನ್ನೊಬ್ಬರ ಫೋನಿಗೆ ಇಳಿಯಬೇಕು. 2016ರಿಂದ ಈ ಮಾತುಗಳೆಲ್ಲ ಗೂಢಲಿಪಿಯಲ್ಲಿ ಸಾಗುತ್ತವೆ; ಆದುದರಿಂದ ನಡುವಿನ ಸರ್ವರು ಲಕೋಟೆಯನ್ನು ಹೊರಬಲ್ಲುದೇ ಹೊರತು ಒಳಗಿನದನ್ನು ಓದಲಾರದು.

ಸಂದೇಶ ಎಲ್ಲಿದೆಯೆಂಬುದನ್ನು ತಿಳಿಸಲು ಅದರ ಮಗ್ಗುಲಲ್ಲಿಯೇ ಒಂದು ಸಣ್ಣ ಚಿಹ್ನೆಯುಂಟು. ಗಡಿಯಾರದ ಚಿತ್ರವಿದ್ದರೆ ಅದು ಇನ್ನೂ ಬರೆದವರ ಕೈಯಲ್ಲಿಯೇ ಇದೆ, ಹೊಸಲು ದಾಟಿಲ್ಲ. ಒಂದು ಸರಿ ಗುರುತು ಬಿದ್ದರೆ ಸರ್ವರನ್ನು ಸೇರಿದೆ. ಎರಡು ಬಿದ್ದರೆ ಇನ್ನೊಬ್ಬರ ಫೋನನ್ನು ಮುಟ್ಟಿದೆ. ಹಿಂದೆ ರಿಜಿಸ್ಟರ್ ಅಂಚೆಯೊಡನೆ ಹೋಗಿ ಸಹಿಯನ್ನು ಹೊತ್ತು ಮರಳುತ್ತಿದ್ದ ಸ್ವೀಕೃತಿ ಚೀಟಿಗೆ ಇದು ಸಮಾನ. 2014ರ ನವೆಂಬರಿನಲ್ಲಿ, ಓದಿದ ಮೇಲೆ ಆ ಎರಡು ಗುರುತುಗಳು ನೀಲಿಯಾಗುವ ಏರ್ಪಾಡು ಬಂದಿತು. ಬೇಡವೆನಿಸಿದವರು ಅದನ್ನು ಮುಚ್ಚಿಡಬಹುದು. ಆದುದರಿಂದ ನೀಲಿ ಕಾಣದ ಮಾತ್ರಕ್ಕೆ ಓದಿಲ್ಲವೆಂದು ಹೇಳಲಾಗದು. ಶಾಲೆಯ ಪುಸ್ತಕದಲ್ಲಿ ಸರಿ ಗುರುತಿಗಾಗಿ ಹಂಬಲಿಸಿದ ಜನ ಮುಪ್ಪಿನಲ್ಲಿಯೂ ಅದಕ್ಕಾಗಿಯೇ ಕಾಯುತ್ತಿರುವುದು ಒಂದು ವಿನೋದವೇ ಸರಿ.

ಸಂದೇಶ ಹೋಗಲಿಲ್ಲವೆಂದರೆ ಬಹುಮಂದಿ ಮಾಡುವ ಮೊದಲ ಕೆಲಸ ಫೋನನ್ನು ಆರಿಸಿ ಮತ್ತೆ ಹೊತ್ತಿಸುವುದು. ಅದು ಮೂಢನಂಬಿಕೆಯೇನೂ ಅಲ್ಲ. ಫೋನು ಗೋಪುರದೊಡನೆ ಹೊಸದಾಗಿ ಪರಿಚಯ ಮಾಡಿಕೊಳ್ಳುತ್ತದೆ, ಅಷ್ಟರಿಂದಲೇ ಎಷ್ಟೋ ಸಲ ದಾರಿ ತೆರೆಯುತ್ತದೆ. ಎರಡನೆಯ ಕೆಲಸವಾಗಿ ಕೆಲವರು ಆ್ಯಪನ್ನೇ ಕಿತ್ತುಹಾಕುತ್ತಾರೆ. ಇದು ಮಾತ್ರ ಅವಿವೇಕ. ಹಳೆಯ ಮಾತುಗಳಿಗೆ ಮೊದಲೇ ಬ್ಯಾಕಪ್ ಇಡದಿದ್ದರೆ ಅವೆಲ್ಲ ಕೈಬಿಟ್ಟುಹೋಗುವ ಭಯವುಂಟು. ಡೇಟಾ ಪ್ಯಾಕು ಮುಗಿದಿರುವುದು, ವಿಮಾನದ ಚಿತ್ರವಿರುವ ಗುಂಡಿಗೆ ತಿಳಿಯದೆ ಬೆರಳು ತಗುಲಿರುವುದು, ಮುಂಜಾನೆಯ ಹೂವು ದೇವರುಗಳ ಚಿತ್ರಗಳಿಂದ ಫೋನಿನ ಉಗ್ರಾಣ ತುಂಬಿ ಹೊಸ ಚಿತ್ರಕ್ಕೆ ಎಡೆಯಿಲ್ಲದಿರುವುದು, ಇವೆಲ್ಲ ಸಾಮಾನ್ಯ ಕಾರಣಗಳು. ಫೋನು ತೀರ ಹಳೆಯದಾಗಿರುವುದೂ ಒಂದು ಕಾರಣ. ಆಂಡ್ರಾಯ್ಡ್ 5ಕ್ಕಿಂತ ಹಿಂದಿನ ಫೋನುಗಳಿಗೆ ವಾಟ್ಸಾಪು 2025ರ ಆರಂಭದಲ್ಲಿ ನಿಂತುಹೋಯಿತು.

ವಿಚಿತ್ರವಾದುದು ತಾರೀಖಿನ ತೊಡಕು. ಯಾವುದೋ ಆಟದಲ್ಲಿ ಬೇಗನೆ ಇನ್ನೊಂದು ಅವಕಾಶ ದೊರೆಯಲೆಂದು ಮನೆಯ ಮಕ್ಕಳು ಫೋನಿನ ದಿನಾಂಕವನ್ನು ಮುಂದಕ್ಕೆ ತಳ್ಳಿ ಮರೆತುಬಿಡುತ್ತಾರೆ. ಫೋನು ಸರ್ವರನ್ನು ನಂಬುವ ಮೊದಲು ಅದರ ಗುರುತು ಪತ್ರವನ್ನು ಕೇಳುತ್ತದೆ, ಅದರ ಅವಧಿಯನ್ನು ನೋಡುತ್ತದೆ. ತನ್ನ ಪಂಚಾಂಗವೇ ತಪ್ಪಾಗಿರುವ ಫೋನು, ಸರಿಯಾದ ಪತ್ರವನ್ನೂ ಅವಧಿ ಮೀರಿದುದೆಂದು ತಿಳಿದು ಬಾಗಿಲು ಹಾಕಿಕೊಳ್ಳುತ್ತದೆ.

ಎಲ್ಲ ಸಲವೂ ತೊಡಕು ನಮ್ಮ ಕೈಯಲ್ಲಿಯೇ ಇರಬೇಕೆಂದೂ ಇಲ್ಲ. 2021ರ ಅಕ್ಟೋಬರ್ 4ರ ರಾತ್ರಿ, ಭಾರತದಲ್ಲಿ ಊಟದ ಹೊತ್ತಿಗೆ, ವಾಟ್ಸಾಪು ಲೋಕವೆಲ್ಲೆಡೆ ನಿಂತುಹೋಯಿತು. ಅದನ್ನು 2014ರಲ್ಲಿ ಕೊಂಡಿದ್ದ ಫೇಸ್‌ಬುಕ್ ಕಂಪನಿ ತನ್ನ ಗಣಕಕೇಂದ್ರಗಳ ಜಾಲವನ್ನು ಪರೀಕ್ಷಿಸುತ್ತಿದ್ದಾಗ ಕೊಟ್ಟ ಒಂದು ಆಜ್ಞೆ ಕೇಂದ್ರಗಳ ನಡುವಣ ಸಂಪರ್ಕವನ್ನೇ ಕಡಿಯಿತು. ಅವುಗಳ ವಿಳಾಸಗಳು ಇಂಟರ್‌ನೆಟ್ಟಿನ ಭೂಪಟದಿಂದ ಮರೆಯಾದವು. ಸರಿಪಡಿಸಬೇಕಾದ ತಂತ್ರಜ್ಞರ ಸಲಕರಣೆಗಳೂ ಆ ಜಾಲವನ್ನೇ ನೆಚ್ಚಿಕೊಂಡಿದ್ದವು. ಸುಮಾರು ಆರು ಗಂಟೆಗಳ ಕಾಲ ಕೋಟಿಗಟ್ಟಲೆ ಜನ ತಮ್ಮ ತಮ್ಮ ಫೋನುಗಳನ್ನೇ ಶಂಕಿಸಿದರು. ನೆರೆಮನೆಯವರ ಫೋನನ್ನು ಒಮ್ಮೆ ವಿಚಾರಿಸಿದ್ದರೆ ಆ ಶ್ರಮವೆಲ್ಲ ಉಳಿಯುತ್ತಿತ್ತು.

ಆದರೆ ಫೋನನ್ನು ಶಂಕಿಸುವುದು ಮೇಲು. ಮನುಷ್ಯರನ್ನು ಶಂಕಿಸುವುದೇ ಹೆಚ್ಚು ನಡೆಯುವುದು. ವಿಜಯನಗರದ ಒಂದು ಮನೆಯಲ್ಲಿ, ಮಳೆಗಾಲಕ್ಕೆ ಮುಂಚೆ ಎಲ್ಲೆಡೆ ನಡೆಯುವ ರಸ್ತೆ ಅಗೆತದ ದಿನಗಳಲ್ಲಿ, ಹೀಗೊಂದು ಸಂಗತಿ ನಡೆಯಿತು. ಆ ಮನೆಯ ಅಜ್ಜಿ ಎಪ್ಪತ್ತು ದಾಟಿದವರು. ಮಗ ಉದ್ಯೋಗಕ್ಕಾಗಿ ಪುಣೆಯಲ್ಲಿದ್ದನು. ಒಡಹುಟ್ಟಿದ ತಂಗಿ ಕಾಸರಗೋಡಿನ ಸೀಮೆಯ ಮಂಜೇಶ್ವರದಲ್ಲಿ. ಸೋಮವಾರ ಸಂಜೆ ಅಜ್ಜಿ ತಂಗಿಗೆ ಬರೆದರು: ಬರುವ ಶುಕ್ರವಾರ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ, ನಾಲ್ಕು ದಿನ ಜೊತೆಗಿರಲು ಬರುವೆಯಾ? ಮಂಗಳವಾರ ಉತ್ತರವಿಲ್ಲ. ಬುಧವಾರವೂ ಇಲ್ಲ. ಫೋನು ಮಾಡಿ ಕೇಳಬಹುದಾಗಿತ್ತು. ಆದರೆ ಹಿರಿಯಳಾದವಳು ಬಾಯಿ ಬಿಟ್ಟು ಕರೆದ ಮೇಲೂ ಸುಮ್ಮನಿದ್ದವಳನ್ನು ಮತ್ತೆ ಕೇಳುವುದೆಂತು? ತವರಿನ ತೋಟದ ಪಾಲಿನ ಕಾಲದಲ್ಲಿ ಎಂದೋ ಆಡಿದ ಮಾತೊಂದನ್ನು ಅಜ್ಜಿಯ ಮನಸ್ಸು ತಾನಾಗಿ ಹುಡುಕಿ ತೆಗೆಯಿತು. ಕಾರಣ ಅದೇ ಇರಬೇಕೆಂದು ನಿಶ್ಚಯಿಸಿಯೂ ಬಿಟ್ಟಿತು.

ಗುರುವಾರ ಸಂಜೆ ಪಕ್ಕದ ಮನೆಯ ಹುಡುಗಿ, ಹೈಸ್ಕೂಲಿನಲ್ಲಿ ಓದುವವಳು, ಮೊಸರಿಗೆ ಹೆಪ್ಪು ಕೇಳಲು ಬಂದಳು. ಅಜ್ಜಿಯ ಮುಖವನ್ನು ನೋಡಿ ವಿಚಾರಿಸಿದಳು.

“ಏನಿಲ್ಲಮ್ಮ, ಯಾರ ಸಹವಾಸವೂ ಬೇಡವೆನಿಸಿದೆ. ನಾಲ್ಕು ದಿನವಾಯಿತು, ಒಂದು ಮಾತಿಲ್ಲ” ಎಂದರು ಅಜ್ಜಿ.

“ಚಿಕ್ಕಜ್ಜಿಯದು ಇರಲಿ ಅಜ್ಜಿ. ದಿನವೂ ಬೆಳಿಗ್ಗೆ ಬರುವ ಶುಭೋದಯದ ಚಿತ್ರಗಳು ಬಂದಿವೆಯೇ?”

ಅಜ್ಜಿ ಯೋಚಿಸಿದರು. ಸೋಮವಾರದಿಂದ ಒಂದೂ ಬಂದಿರಲಿಲ್ಲ. ನಲವತ್ತು ಜನ ಬಂಧುಗಳು ಒಂದೇ ದಿನ ಮುನಿಸಿಕೊಳ್ಳುವುದು ಸಂಭವವಲ್ಲ!

ಹುಡುಗಿ ಫೋನನ್ನು ತೆಗೆದು ನೋಡಿದಳು. ಸೋಮವಾರದ ಸಂದೇಶದ ಪಕ್ಕದಲ್ಲಿ ಗಡಿಯಾರ ಹಾಗೆಯೇ ನಿಂತಿತ್ತು. ಮನೆಯ ವೈಫೈ ಸತ್ತಿತ್ತು. ಬೀದಿಯಲ್ಲಿ ಅಗೆಯುವಾಗ ಕೇಬಲ್ಲು ಕಡಿದಿತ್ತು. ಆದರೆ ಯೂಟ್ಯೂಬಿನಲ್ಲಿ ದೇವರನಾಮ ಕೇಳುತ್ತಿತ್ತು! ಅಜ್ಜಿ ಮೋಸಹೋದುದು ಇಲ್ಲಿಯೇ. ಹಾಡು ಬರುತ್ತಿದೆ, ಆದುದರಿಂದ ಫೋನು ಸರಿಯಾಗಿದೆ, ಆದುದರಿಂದ ತಂಗಿಯ ಮನಸ್ಸು ಸರಿಯಿಲ್ಲ. ತರ್ಕ ಚೆನ್ನಾಗಿಯೇ ಇದೆ. ಹುಡುಗಿ ಮಾತ್ರ ಬೇರೆ ರೀತಿಯಲ್ಲಿ ಯೋಚಿಸಿದಳು. ಮೊಬೈಲ್ ಡೇಟಾ ಒಂದಕ್ಕೆ ದೊರೆಯುತ್ತಿದೆ, ಇನ್ನೊಂದಕ್ಕೆ ಇಲ್ಲ. ಹಾಗಾದರೆ ಯಾರೋ ನಡುವೆ ಬಾಗಿಲು ಹಾಕಿರಬೇಕು. ಸೆಟ್ಟಿಂಗ್ಸ್ ತೆರೆದು, ಆ್ಯಪುಗಳ ಪಟ್ಟಿಯಲ್ಲಿ ವಾಟ್ಸಾಪನ್ನು ಹುಡುಕಿ, ಅದರೊಳಗೆ ಡೇಟಾ ಬಳಕೆಯ ಸಾಲಿಗೆ ಹೋದಳು. ಮೊಬೈಲ್ ಡೇಟಾ ಬಳಸುವ ಅನುಮತಿಯೇ ಅಲ್ಲಿ ಮುಚ್ಚಿತ್ತು.

ಮುಚ್ಚಿದವನು ಮಗ. ಬಂಧುಗಳ ಚಿತ್ರಗಳು ತಾವಾಗಿಯೇ ಇಳಿದು ಅಮ್ಮನ ಡೇಟಾ ಪ್ಯಾಕು ಮಧ್ಯಾಹ್ನಕ್ಕೇ ಮುಗಿಯುತ್ತಿದ್ದುದನ್ನು ಕಂಡು, ಹಿಂದಿನ ಸಲ ಬಂದಾಗ ಹಾಗೆ ಮಾಡಿ ಹೋಗಿದ್ದನು. ಮನೆಯಲ್ಲಿ ವೈಫೈ ಇರುವವರೆಗೆ ಅದರ ಪರಿಣಾಮ ಯಾರಿಗೂ ತಿಳಿಯಲಿಲ್ಲ. ಚಿತ್ರಗಳು ತಾವಾಗಿ ಇಳಿಯುವುದನ್ನಷ್ಟೇ ತಡೆಯುವ ಸೌಕರ್ಯ ವಾಟ್ಸಾಪಿನೊಳಗೇ ಇದೆ. ಇಲಿಗೆಂದು ಮನೆಯ ಬಾಗಿಲನ್ನೇ ಮುಚ್ಚಬೇಕಾಗಿರಲಿಲ್ಲ. ಪ್ರೀತಿಯಿಂದ ಮಾಡಿದ ಮಿತವ್ಯಯಗಳು ಕೆಲವೊಮ್ಮೆ ಹೀಗೆಯೇ ದುಬಾರಿಯಾಗುತ್ತವೆ.

ಹುಡುಗಿ ಅನುಮತಿಯನ್ನು ತೆರೆದಳು. ಗಡಿಯಾರ ಮಾಯವಾಗಿ ಒಂದು ಸರಿ ಗುರುತು ಬಿದ್ದಿತು, ಮರುಗಳಿಗೆಯಲ್ಲಿ ಎರಡನೆಯದು. ಅಷ್ಟರಲ್ಲಿ ನಾಲ್ಕು ದಿನಗಳ ಹೂವು ದೇವರುಗಳೆಲ್ಲ ಒಮ್ಮೆಗೇ ಬಂದಿಳಿಯತೊಡಗಿದವು. ತಲುಪದ ಸಂದೇಶವನ್ನು ಸರ್ವರು ಮೂವತ್ತು ದಿನಗಳವರೆಗೆ ಕಾದಿಡುತ್ತದೆ. ಆ ಗಡುವಿನೊಳಗೆ ದಾರಿ ತೆರೆದುದರಿಂದ ಯಾವುದೂ ನಷ್ಟವಾಗಲಿಲ್ಲ. ಆ ರಾಶಿಯ ನಡುವೆ ತಂಗಿಯ ಮೂರು ಮಾತುಗಳಿದ್ದವು. ಮಂಗಳವಾರದ್ದು: “ಹಲಸಿನ ಹಪ್ಪಳ ಒಣಗಿಸಿದ್ದೇನೆ, ಕಳುಹಿಸಲೇ?” ಬುಧವಾರದ್ದು: “ಅಕ್ಕಾ, ಹುಷಾರಾಗಿದ್ದೀಯಾ?” ಗುರುವಾರ ಬೆಳಗಿನದು: “ಒಂದೇ ಗುರುತು ಬೀಳುತ್ತಿದೆ. ನನ್ನನ್ನು ಬ್ಲಾಕ್ ಮಾಡಿದ್ದೀಯಂತೆ, ಮೊಮ್ಮಗ ಹೇಳಿದ. ತೋಟದ ವಿಷಯ ಇನ್ನೂ ಮನಸ್ಸಿನಲ್ಲಿದೆಯೇ?”

ಅಜ್ಜಿ ಕೊನೆಯ ಸಾಲನ್ನು ಎರಡು ಸಲ ಓದಿದರು. ಉತ್ತರ ಬರೆಯಲು ಬೆರಳಿಟ್ಟರು, ಅಕ್ಷರ ಕಾಣಲಿಲ್ಲ. ಪೊರೆಯ ದೆಸೆಯಿಂದಲೋ ಏನೋ. ಅಷ್ಟರಲ್ಲಿ ಫೋನೇ ರಿಂಗಾಯಿತು.

“ಅಕ್ಕಾ, ಈಗ ನೋಡಿದೆ. ಶುಕ್ರವಾರವೆಂದರೆ ಯಾವ ಶುಕ್ರವಾರ?”

“ನಾಳೆಯೇ ಕಣೆ. ಹತ್ತೂವರೆಗೆ.”

“ಈಗಲೇ ಹೊರಡುತ್ತೇನೆ.”

ತಂಗಿ ಮಂಗಳೂರಿಗೆ ಬಂದು ರಾತ್ರಿಯ ಬಸ್ಸನ್ನು ಹಿಡಿದರು. ಬೆಳಿಗ್ಗೆ ಮೆಜೆಸ್ಟಿಕ್ಕಿನಲ್ಲಿ ಇಳಿದು, ಮೆಟ್ರೋ ಹತ್ತಿ ವಿಜಯನಗರದ ನಿಲ್ದಾಣಕ್ಕೆ ಬಂದಾಗ ಎಂಟು ಗಂಟೆ; ಕೈಯಲ್ಲಿ ಹಪ್ಪಳದ ಗಂಟಿತ್ತು. ಕಡಿದ ಕೇಬಲ್ಲನ್ನು ಜೋಡಿಸಲು ಆಳುಗಳು ಬಂದುದು ಶನಿವಾರ ಮಧ್ಯಾಹ್ನ.