ಆಡದ ಆಟಿಗೆಯ ಬೆಲೆ

ಧಾರವಾಡದ ಮಾಳಮಡ್ಡಿಯಂಥ ಹಳೆಯ ಬಡಾವಣೆಗಳಲ್ಲಿ, ನಡುಮನೆಯ ಗೋಡೆಗೆ ಒಂದು ಗಾಜಿನ ಕಪಾಟು ಇಲ್ಲದ ಮನೆ ದೊರೆಯುವುದು ಅಪರೂಪ. ದೇವರ ಮನೆಯಲ್ಲಿ ದೇವರಿರುವಂತೆ ಈ ಕಪಾಟಿನಲ್ಲಿ ಮನೆತನದ ಮಾನವಿರುತ್ತದೆ. ಕಂಡವರ ಬಾಯಲ್ಲಿ ನೀರೂರಿಸುವ ಗೋಕಾಕದ ಬಣ್ಣದ ಹಣ್ಣುಗಳು, ಚನ್ನಪಟ್ಟಣದ ಅರಗಿನ ಗೊಂಬೆಗಳು, ಅಮೃತಶಿಲೆಯ ಪುಟ್ಟ ತಾಜಮಹಲು, ಮಕ್ಕಳು ಗೆದ್ದು ತಂದ ಪಾರಿತೋಷಕಗಳು—ಇವೆಲ್ಲ ಅಲ್ಲಿ ಸಾಲಾಗಿ ಕುಳಿತು ಬಂದವರನ್ನು ನೋಡುತ್ತಿರುತ್ತವೆ. ದೇವರಿಗಾದರೂ ದಿನಕ್ಕೊಮ್ಮೆ ಸ್ನಾನವುಂಟು. ಇವುಗಳಿಗೆ ಮನುಷ್ಯರ ಕೈ ಸೋಂಕುವುದು ವರ್ಷಕ್ಕೊಮ್ಮೆ, ದೀಪಾವಳಿಯ ಮುನ್ನ ಮನೆ ಸಾರಿಸುವಾಗ ಮಾತ್ರ.

ಅಂಥ ಒಂದು ಮನೆಯಲ್ಲಿ ರಾಯರದೂ ಒಂದು ಕಪಾಟು. ರಾಯರು ಹುಬ್ಬಳ್ಳಿಯ ರೇಲ್ವೆ ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ಬಿಡಿಭಾಗಗಳ ತಪಾಸಣೆ ಮಾಡಿ ನಿವೃತ್ತರಾದವರು. ಕೂದಲೆಳೆಯಷ್ಟು ಸವೆದ ಬೋಲ್ಟು ಕೂಡ ಅವರ ಕಣ್ಣು ತಪ್ಪಿಸಿ ಗಾಡಿಗೆ ಏರುತ್ತಿರಲಿಲ್ಲವೆಂದು ಜೊತೆಯವರು ಹೇಳುವುದುಂಟು. ಅವರ ಕಪಾಟಿನ ನಟ್ಟನಡುವಿನ ಅಂತಸ್ತಿನಲ್ಲಿ, ತಾಜಮಹಲನ್ನೂ ಪಕ್ಕಕ್ಕೆ ಸರಿಸಿ, 1997ರಿಂದ ನಿಂತಿದ್ದುದು ಒಂದು ಆಟಿಗೆಯ ಮೋಟಾರು. ಅದರ ಬೆನ್ನ ಮೇಲೆ ಬಲೆಯೆಸೆಯುವ ಯಂತ್ರ. ಯಂತ್ರದ ಹಿಂದೆ ಗೇಣುದ್ದಕ್ಕಿಂತ ಚಿಕ್ಕವನಾದ, ಆದರೆ ಮುಖದಲ್ಲಿ ಭಾರಿ ಶೌರ್ಯವುಳ್ಳ ಒಬ್ಬ ಬೇಟೆಗಾರ.

ಈ ಬೇಟೆಗಾರನ ಕುಲಮೂಲವನ್ನು ಹೇಳಬೇಕು. 1993ರಲ್ಲಿ ಸ್ಟೀವನ್ ಸ್ಪೀಲ್‌ಬರ್ಗ್ ಅವರ ‘ಜುರಾಸಿಕ್ ಪಾರ್ಕ್’ ಚಿತ್ರ ಬಂದು ಲೋಕದ ಮಕ್ಕಳೆಲ್ಲ ಡೈನೋಸಾರ್ ಎಂಬ ಅಳಿದುಹೋದ ದೈತ್ಯಪ್ರಾಣಿಯ ಹೆಸರನ್ನು ಬಾಯಿಪಾಠ ಮಾಡಿದರು. ಮರುವರ್ಷ ಅದು ಹಿಂದಿಯಲ್ಲಿ ಮಾತಾಡುತ್ತ ನಮ್ಮ ದೇಶಕ್ಕೂ ಬಂದಿತು. 1997ರಲ್ಲಿ ಬಂದ ‘ದಿ ಲಾಸ್ಟ್ ವರ್ಲ್ಡ್’ ಎಂಬ ಎರಡನೆಯ ಚಿತ್ರದಲ್ಲಿ ಬೇಟೆಗಾರರ ಒಂದು ದಂಡು ಜೀಪು, ಮೋಟಾರ್ ಸೈಕಲ್ಲುಗಳನ್ನೇರಿ ಈ ಪ್ರಾಣಿಗಳನ್ನು ಜೀವಂತ ಹಿಡಿಯಲು ಬೆನ್ನಟ್ಟುತ್ತದೆ. ಎರಡೂ ಚಿತ್ರಗಳ ಆಟಿಗೆಗಳನ್ನು ಹೊರತಂದದ್ದು ಅಮೆರಿಕೆಯ ಸಿನ್ಸಿನಾಟಿಯಲ್ಲಿ ಹುಟ್ಟಿದ ಕೆನ್ನರ್ ಎಂಬ ಸಂಸ್ಥೆ. ರಾಯರ ಮಗನಿಗೆ ಎಂಟು ವರ್ಷವಾಗಿದ್ದಾಗ, ಅಮೆರಿಕೆಯಿಂದ ಬಂದ ಸೋದರಮಾವ ಈ ವಾಹನವನ್ನೂ ಬೇಟೆಗಾರನನ್ನೂ ತಂದುಕೊಟ್ಟಿದ್ದನು. ಪೆಟ್ಟಿಗೆಯಲ್ಲಿ ಸ್ಥಳ ಸಾಲದೆ ಡೈನೋಸಾರ್ ಮಾತ್ರ ಅಲ್ಲಿಯೇ ಉಳಿಯಿತು. ಹೀಗಾಗಿ ಮೃಗವಿಲ್ಲದ ಬೇಟೆಗಾರನು ಇಷ್ಟು ವರ್ಷ ಗೋಕಾಕದ ಸೀತಾಫಲಕ್ಕೆ ಗುರಿಯಿಟ್ಟು ನಿಲ್ಲಬೇಕಾಯಿತು.

ಈ ಸಲ ಕಪಾಟನ್ನು ಒರೆಸುವಾಗ ನೆರೆಮನೆಯ ಕಾಲೇಜು ಹುಡುಗ ಅಲ್ಲಿಗೆ ಬಂದನು. ವಾಹನವನ್ನು ಕಂಡವನೇ, “ಕಾಕಾ, ಇದಕ್ಕ ಈಗ ಭಾಳ ಬೆಲೆ ಅದರೀ. ಹಳೇದ ಕೂಡಿಸಿ ಇಡವ್ರು ಹುಡುಕ್ಯಾಡ್ತಾರ,” ಎಂದನು.

ರಾಯರಿಗೆ ನಗು ಬಂದಿತು. ಹಳೆಯದಾದ ಮಾತ್ರಕ್ಕೆ ಬೆಲೆ ಬರುವುದಾದರೆ ಮೊದಲು ಧಾರವಾಡದ ಕಲ್ಲಿಗೆ ಬರಬೇಕಾಗಿದ್ದಿತು. ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ ಹತ್ತೊಂಬತ್ತನೆಯ ಶತಮಾನದಲ್ಲಿ ಈ ಊರಿನ ಹೆಸರನ್ನೇ ಇಟ್ಟ ಶಿಲಾಸ್ತರಗಳ ವಯಸ್ಸು 250 ಕೋಟಿ ವರ್ಷಕ್ಕೂ ಹೆಚ್ಚು. ಡೈನೋಸಾರ್‌ಗಳು ಅಳಿದು 6.6 ಕೋಟಿ ವರ್ಷಗಳಾದವಷ್ಟೆ. ಅವು ಹುಟ್ಟುವ ಮೊದಲೇ ಈ ಕಲ್ಲು ಮುದಿಯಾಗಿದ್ದಿತು. ಆದರೂ ಮನೆ ಕಟ್ಟುವವರು ಅದನ್ನು ಟ್ರ್ಯಾಕ್ಟರಿಗೆ ಇಷ್ಟೆಂದು ಕೊಂಡು ತಂದು ಬುನಾದಿಗೆ ಸುರಿಯುತ್ತಾರೆ!

ಹುಡುಗ ಬಿಡಲಿಲ್ಲ. ಚಿತ್ರ ತೆಗೆದು ಬೆಂಗಳೂರಿನ ಸಂಗ್ರಾಹಕರೊಬ್ಬರಿಗೆ ಕಳಿಸಿದನು. ಮರುದಿನವೇ ಅವರಿಂದ ಪ್ರಶ್ನೆಗಳ ಒಂದು ಪಟ್ಟಿ ಬಂದಿತು. ಪಟ್ಟಿಯನ್ನು ಓದುತ್ತಲೇ ರಾಯರ ಬೆನ್ನು ನೆಟ್ಟಗಾಯಿತು. ಅದು ಅವರಿಗೆ ತಿಳಿದ ಭಾಷೆ. ಕನ್ನಡಕ ಹಾಕಿ, ಭೂತಗನ್ನಡಿ ಹಿಡಿದು, ಊಟದ ಮೇಜಿಗೆ ಬಿಳಿಯ ವಸ್ತ್ರ ಹಾಸಿ ತಪಾಸಣೆಗೆ ಕುಳಿತರು.

ಬಿಸಿಲು ತಾಗಿದ ಪ್ಲಾಸ್ಟಿಕ್ಕು ವರ್ಷಗಳು ಕಳೆದಂತೆ ಹಳದಿಗೆ ತಿರುಗುತ್ತದೆ. ಇದು ತಿರುಗಿಲ್ಲ, ಏಕೆಂದರೆ ಕಪಾಟು ಬಿಸಿಲು ಬೀಳದ ಗೋಡೆಗೆ ಇತ್ತು. ಮೆತ್ತನೆಯ ಪ್ಲಾಸ್ಟಿಕ್ಕಿನಲ್ಲಿ ಬೆರೆಸಿದ ಎಣ್ಣೆಯಂಥ ದ್ರವ್ಯವು ಕಾಲಕ್ರಮದಲ್ಲಿ ಹೊರಗೆ ಜಿನುಗಿ ಗೊಂಬೆ ಅಂಟಂಟಾಗುವುದುಂಟು. ಬೇಟೆಗಾರನ ಮೈ ಒಣಗಿಯೇ ಇದೆ. ಬಿಗಿದಿಟ್ಟ ಸ್ಪ್ರಿಂಗು ಸೋಲುತ್ತದೆ. ಇದು ಬಿಗಿದಿಟ್ಟುದಲ್ಲ, ಗುಂಡಿಯೊತ್ತಿದರೆ ಬಲೆ ಮೇಜಿನಾಚೆಗೆ ಹಾರಿತು. ತೋಳುಗಳ ಕೀಲು ಸಡಿಲವಾಗಿಲ್ಲ. ಮೂಗಿನ ಬಣ್ಣ ಉದುರಿಲ್ಲ. ವಾಹನಕ್ಕೆ ಅಂಟಿಸಬೇಕಾದ ಚೀಟಿಗಳ ಹಾಳೆ ಹಾಗೆಯೇ ಇದೆ. ರಟ್ಟಿನ ಪೆಟ್ಟಿಗೆಯೂ ಇದೆ. ಅದರಲ್ಲಿ ರಾಯರ ಪತ್ನಿ ಹೂಬತ್ತಿಗಳನ್ನಿಡುತ್ತಿದ್ದರು. ಒಂದು ಅಂಚಿಗೆ ಅರಿಸಿನ ತಾಗಿದೆಯೆಂದು ರಾಯರು ಪ್ರಾಮಾಣಿಕವಾಗಿ ಬರೆದರು. “ಅರಿಸಿನ ಹತ್ತಿದರ ಬೆಲೆ ಇಳೀತದೇನ್ರೀ? ಎಲ್ಲಿ ಮಂದಿ ಇವರು!” ಎಂದು ಆಕೆ ಅಡಿಗೆಮನೆಯಿಂದಲೇ ಆಕ್ಷೇಪಿಸಿದರು.

ಪಟ್ಟಿಯ ಒಂದು ಪ್ರಶ್ನೆ: “ಮಕ್ಕಳು ಆಡಿದ್ದಾರೆಯೆ?” ರಾಯರು “ಇಲ್ಲ” ಎಂದು ಬರೆದರು.

ಸಂಜೆಗೆ ಸಂಗ್ರಾಹಕರ ಉತ್ತರ ಬಂದಿತು. ಅವರು ಹೇಳಿದ ಮೊತ್ತ 1997ರಲ್ಲಿ ರಾಯರಿಗಿದ್ದ ಒಂದು ತಿಂಗಳ ಸಂಬಳಕ್ಕಿಂತ ಹೆಚ್ಚು. ಇಷ್ಟೇಕೆಂದು ಹುಡುಗ ವಿವರಿಸಿದನು. ಸಂಗ್ರಾಹಕರ ಲೋಕದಲ್ಲಿ ಮಗುವಿನ ಕೈ ಬಿದ್ದಷ್ಟೂ ಬೆಲೆ ಇಳಿಯುತ್ತದೆ. ಇದೇ ಕೆನ್ನರ್ ಸಂಸ್ಥೆ 1979ರ ಸುಮಾರಿಗೆ ‘ಸ್ಟಾರ್ ವಾರ್ಸ್’ ಚಿತ್ರಮಾಲೆಯ ಬೋಬಾ ಫೆಟ್ ಎಂಬ ಪಾತ್ರದ ಗೊಂಬೆಯ ಬೆನ್ನಿಗೆ ಹಾರುವ ಕ್ಷಿಪಣಿಯೊಂದನ್ನು ಜೋಡಿಸಿ ಮಾದರಿಗಳನ್ನು ಮಾಡಿತ್ತು. ಅದು ಮಕ್ಕಳ ಗಂಟಲಿಗೆ ಸಿಕ್ಕೀತೆಂಬ ಭಯದಿಂದ ಕ್ಷಿಪಣಿ ಹಾರುವ ಗೊಂಬೆ ಅಂಗಡಿಗೆ ಬರಲೇ ಇಲ್ಲ. ಆ ಮಾದರಿಗಳಲ್ಲೊಂದು 2024ರ ಹರಾಜಿನಲ್ಲಿ 5,25,000 ಡಾಲರಿಗೆ ಹೋಯಿತು. ಯಾವ ಮಗುವಿಗೂ ದಕ್ಕದ ಆಟಿಗೆಗೇ ಎಲ್ಲಕ್ಕಿಂತ ಹೆಚ್ಚಿನ ಬೆಲೆ!

ಹುಡುಗ ಹೋದ ಮೇಲೆ ರಾಯರು ಬಹಳ ಹೊತ್ತು ಸುಮ್ಮನೆ ಕುಳಿತರು. ತಾವು ಬರೆದ “ಇಲ್ಲ” ಎಂಬ ಎರಡಕ್ಷರ ಅವರ ಕಣ್ಣೆದುರಿಗೇ ನಿಂತಿತು. ಈ ಬೆಲೆಯನ್ನು ಗಳಿಸಿದವರು ಯಾರು? ಗಾಜಿಗೆ ಮೂಗೊತ್ತಿ ನಿಲ್ಲುತ್ತಿದ್ದ ಎಂಟು ವರ್ಷದ ಹುಡುಗ. ವಾರ್ಷಿಕ ಪರೀಕ್ಷೆ ಮುಗಿಯಲಿ ಎಂದಿದ್ದರು, ಮುಗಿಯಿತು. ಏಳನೆಯ ಇಯತ್ತೆಯಾಗಲಿ ಎಂದರು, ಆಯಿತು. ಮುಂದೆ ಅವನು ಕೇಳುವುದನ್ನೇ ಬಿಟ್ಟನು. ಅವನು ಕೇಳುತ್ತಿಲ್ಲವೆಂಬುದು ಇವರ ಗಮನಕ್ಕೆ ಬರಲಿಲ್ಲ.

ರಾಯರು ಕಠಿಣ ಹೃದಯದವರಲ್ಲ. ಅವರ ಬಾಲ್ಯದ ಆಟಿಗೆಗಳು ಮಣ್ಣಿನವು. ಜ್ಯೇಷ್ಠದ ಮಣ್ಣೆತ್ತಿನ ಅಮಾವಾಸ್ಯೆಗೆ ಮನೆಯಲ್ಲಿ ಜೋಡಿ ಎತ್ತು ಮಾಡಿ, ಪೂಜಿಸಿ, ಆಮೇಲೆ ಮಕ್ಕಳ ಕೈಗೆ ಕೊಡುತ್ತಿದ್ದರು. ಶ್ರಾವಣದ ಮಳೆಗೆ ಅವು ಮತ್ತೆ ಮಣ್ಣಾಗುತ್ತಿದ್ದವು. ಯಾರೂ ಅವಕ್ಕೆ ಬೆಲೆ ಕಟ್ಟಲಿಲ್ಲ, ಯಾರೂ ಅವಕ್ಕಾಗಿ ಅಳಲಿಲ್ಲ. ಪರದೇಶದ ವಸ್ತು ಮನೆಗೆ ಬಂದಾಗ ಅದೂ ಹಾಗೆ ಕೈಬಿಟ್ಟುಹೋಗಬಾರದೆಂಬ ಒಂದೇ ಆಸೆಯಿಂದ ಅವರು ಕಪಾಟಿಗೆ ಕೀಲಿ ಹಾಕಿದ್ದರು. ಮಗನಿಗಾಗಿ ಕಾಯ್ದಿಡುತ್ತಿದ್ದೇನೆಂದೇ ತಿಳಿದಿದ್ದರು. ಈಗ ಆ ಮಗ ಪುಣೆಯಲ್ಲಿ ಸಂಸಾರವಂದಿಗನು. ಫೋನಿನಲ್ಲಿ ಔಷಧ ತೆಗೆದುಕೊಂಡಿರಾ ಎಂದು ಕೇಳುತ್ತಾನೆ; ಬೇರೇನನ್ನೂ ಕೇಳುವುದಿಲ್ಲ.

ಪಟ್ಟಿಯಲ್ಲಿ ಇನ್ನೊಂದು ಕೆಲಸ ಉಳಿದಿತ್ತು. ವಾಹನದ ಅಡಿಯಲ್ಲಿ ಒತ್ತಿದ ಅಕ್ಷರಗಳ ಚಿತ್ರ ಬೇಕಾಗಿತ್ತು. ಮರುದಿನ ರಾಯರು ಅದನ್ನು ಕವುಚಿ ಹಿಡಿದಾಗ ಒಳಗೆ ಏನೋ ಲೊಟಕ್ಕೆಂದು ಉರುಳಿತು. ಸದ್ದು ಮಾಡುವ ಯಂತ್ರವನ್ನು ಹಾಗೆಯೇ ಬಿಡುವುದು ತಪಾಸಕನ ರಕ್ತದಲ್ಲಿಲ್ಲ. ತಿರುಪುಗಳನ್ನು ಬಿಚ್ಚಿದರು. ಬಿಳಿಯ ವಸ್ತ್ರದ ಮೇಲೆ ಚಿಟಿಕೆಯಷ್ಟು ಒಣಮಣ್ಣು ಉದುರಿತು. ಹಿಂದೆಯೇ ಬೆರಳುಗುರಿನಷ್ಟು ಗಾತ್ರದ, ಬಾಗಿದ, ಚೂಪಾದ ಒಂದು ಮಣ್ಣಿನ ತುಣುಕು ಬಿದ್ದಿತು.

ಅದು ಮಣ್ಣೆತ್ತಿನ ಕೊಂಬು.

ರಾಯರು ಭೂತಗನ್ನಡಿಯನ್ನು ಮತ್ತೆ ಕೈಗೆತ್ತಿಕೊಂಡರು. ಬಲೆಯನ್ನು ಗಂಟುಗಂಟಾಗಿ ನೋಡಿದರು. ಮೂಲೆಯಲ್ಲಿ ಎರಡು ಗಂಟುಗಳು ಬೇರೆ ದಾರದವು. ಹೊಲಿಗೆಯೂ ಪರಿಚಿತ, ದಾರವೂ ಪರಿಚಿತ. ಅವರ ಅಂಗಿಯ ಗುಂಡಿಗಳೆಲ್ಲ ಅಂಥ ಗಂಟಿನಿಂದಲೇ ನಿಂತಿವೆ. ಪತ್ನಿಯನ್ನು ಕರೆದು ಕೊಂಬನ್ನು ಅಂಗೈಯಲ್ಲಿಟ್ಟು ತೋರಿಸಿದರು, ಏನೂ ಕೇಳಲಿಲ್ಲ.

ಆಕೆ ಸೆರಗಿಗೆ ಕೈಯೊರೆಸುತ್ತ ಸ್ವಲ್ಪ ಹೊತ್ತು ನಿಂತರು. “ಹುಡುಗ ಗಾಜಿಗೆ ಮೂಗ ಹಚ್ಚಿ ನಿಂದರತಿದ್ದ. ನೋಡ್ಲಿಕ್ಕೆ ಆಗಲಿಲ್ಲ ನನಗ. ನೀವು ಹುಬ್ಬಳ್ಳಿ ಗಾಡಿಗೆ ಹೋದ ಮ್ಯಾಲೆ, ಸಾಲಿ ಸೂಟಿ ಇದ್ದಾಗ, ಕೀಲಿ ತಗದು ಕೊಡತಿದ್ದೆ. ಎತ್ತನ್ನ ಡೈನೋಸಾರ್ ಮಾಡಿ ಹಿಡೀತಿದ್ದ. ಸಂಜೀ ಗಾಡಿ ಸೀಟಿ ಕೇಳಿದ ಕೂಡಲೆ ಇಬ್ಬರೂ ಕೂಡಿ ಒರಸಿ ಒಳಗ ಇಡತಿದ್ವಿ.” ಆಮೇಲೆ, “ಎಷ್ಟು ವರ್ಷದ ಮಾತು! ಈಗ ಸಿಟ್ಟು ಮಾಡಬ್ಯಾಡ್ರಿ,” ಎಂದರು.

ಮಾಳಮಡ್ಡಿಯಿಂದ ನಿಲ್ದಾಣ ಹತ್ತಿರ. ಗಾಡಿಯ ಸೀಟಿ ಎಲ್ಲ ಮನೆಗಳಿಗೂ ಕೇಳುತ್ತದೆ. ಅದು ತಮ್ಮ ಮನೆಯಲ್ಲಿ ಇಂಥದೊಂದು ಕೆಲಸ ಮಾಡುತ್ತಿತ್ತೆಂಬುದು ರಾಯರಿಗೆ ಅಂದೇ ತಿಳಿದದ್ದು. ರೇಲ್ವೆಯ ತಪಾಸಣೆಯಲ್ಲಿ ಸೋಲದ ಮನುಷ್ಯ ಮನೆಯ ತಪಾಸಣೆಯಲ್ಲಿ ಸೋತಿದ್ದನು. ಆ ಸೋಲು ಎದೆಯ ಮೇಲಿನ ಒಂದು ಕಲ್ಲನ್ನು ಸರಿಸಿದಂತಿತ್ತು.

ಅಂದೇ ಅವರು ಸಂಗ್ರಾಹಕರಿಗೆ ತಿದ್ದುಪಡಿ ಕಳಿಸಿದರು. ಒಂದು: ಬಲೆಯ ಎರಡು ಗಂಟುಗಳು ಮೂಲದವಲ್ಲ. ಎರಡು: ವಾಹನವನ್ನು ಬಿಚ್ಚಿ ಜೋಡಿಸಿದೆ. ಮೂರು: ಒಳಗೆ ಊರಿನ ಮಣ್ಣಿತ್ತು. ನಾಲ್ಕು: ಮಗು ಆಡಿದೆ. ಸಂಗ್ರಾಹಕರು ಬೆಲೆಯನ್ನು ಮೂರರಲ್ಲೊಂದು ಪಾಲಿಗೆ ಇಳಿಸಿದರು. ರಾಯರು ಆ ಉತ್ತರವನ್ನು ಪತ್ನಿಗೆ ಎರಡು ಸಲ ಓದಿ ತೋರಿಸಿದರು. “ಬೆಲೆ ಇಳೀತಂತ ಇಷ್ಟು ಖುಷಿ ಆದವ್ರನ್ನ ನಾ ಎಲ್ಲೂ ಕಂಡಿಲ್ಲ,” ಎಂದು ಆಕೆ ನಕ್ಕರು. ವ್ಯವಹಾರ ಅಲ್ಲಿಗೇ ಮುಗಿಯಿತು.

ನರಕಚತುರ್ದಶಿಯ ಹಿಂದಿನ ರಾತ್ರಿ ಮಗ ಹೆಂಡತಿ, ಮಗಳೊಡನೆ ಪುಣೆಯಿಂದ ಬಂದನು. ವಾಹನವು ಕಪಾಟಿನಲ್ಲಿರಲಿಲ್ಲ, ಮೇಜಿನ ಮೇಲಿತ್ತು. ರಾಯರು ಪತ್ರಿಕೆ ಓದುವವರಂತೆ ಕುಳಿತಿದ್ದರು. ಮಗ ಅದನ್ನು ಕಂಡು ನಿಂತನು. ಮೆಲ್ಲನೆ ಎತ್ತಿಕೊಂಡು ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲುಗಿಸಿದನು, ಮತ್ತೊಮ್ಮೆ ಅಲುಗಿಸಿದನು. ಮುಖದಲ್ಲಿ ಎಂಟು ವರ್ಷದ ಹುಡುಗನ ಗಾಬರಿ ಕಾಣಿಸಿತು.

“ಕೊಂಬು ಎಲ್ಲಿ ಹೋತು?” ಎಂದು ತಾಯಿಯ ಕಡೆ ತಿರುಗಿ ಕೇಳಿದನು.

ಉತ್ತರ ಬಂದದ್ದು ತಂದೆಯಿಂದ. ರಾಯರು ಪತ್ರಿಕೆಯನ್ನು ಮಡಿಸಿಟ್ಟು, ಜೇಬಿನಿಂದ ಕನ್ನಡಕದ ಡಬ್ಬಿಯನ್ನು ತೆಗೆದು, ಹತ್ತಿಯಲ್ಲಿ ಸುತ್ತಿಟ್ಟಿದ್ದ ಕೊಂಬನ್ನು ಮಗನ ಅಂಗೈಯಲ್ಲಿಟ್ಟರು.